ಎಫ್ ಕಾರ್ಡ್ ಬರುತ್ತಿಲ್ಲವೇ? ಬೆರಳನ್ನು ಬೈಯುವ ಮೊದಲು ಗಿಟಾರ್ ಅಳೆಯಿರಿ

ಪ್ರಶ್ನೆ: ನನಗೆ 46 ವರ್ಷ. ರಾಜಾಜಿನಗರದಲ್ಲಿ ಇದ್ದೇವೆ. ಮಗ ಪಿಯುಸಿಯಲ್ಲಿದ್ದಾಗ ಕೊಡಿಸಿದ್ದ ಗಿಟಾರ್, ಅವನು ಕೆಲಸಕ್ಕೆಂದು ಪುಣೆಗೆ ಹೋದ ಮೇಲೆ ಅಟ್ಟದಲ್ಲಿ ನಾಲ್ಕು ವರ್ಷ ಬಿದ್ದಿತ್ತು. ಕಳೆದ ಆಗಸ್ಟ್‌ನಿಂದ ಅದರಲ್ಲೇ ನಾನು ಕಲಿಯುತ್ತಿದ್ದೇನೆ. ದೊಡ್ಡ ಆಸೆಯೇನಿಲ್ಲ, ಭಾವಗೀತೆ ಹಾಡುವಾಗ ನನಗೆ ನಾನೇ ನುಡಿಸಿಕೊಳ್ಳಬೇಕು, ಅಷ್ಟೇ. ಆರು ತಿಂಗಳಾದರೂ ಎಫ್ ಕಾರ್ಡ್, ಅಂದರೆ ಹಲವು ತಂತಿ ಒಟ್ಟಿಗೆ ಒತ್ತಿ ನುಡಿಸುವ ಆ ಸ್ವರಗುಚ್ಛ, ಬರುತ್ತಿಲ್ಲ, ಬೆರಳ ತುದಿ ಉರಿಯುತ್ತದೆ. ಮಳೆಗಾಲದಲ್ಲಿ ತಂತಿ ಒತ್ತಲಿಕ್ಕೇ ಆಗುತ್ತಿರಲಿಲ್ಲ. ಈಗ ಬಿಸಿಲು ಶುರುವಾದ ಮೇಲೆ ದಪ್ಪ ತಂತಿಗಳು ಜರ್ ಅನ್ನುತ್ತಿವೆ. ಬೆರಳು ಇಡುವ ಹಲಗೆ ಒಣಗಿದ ಹಾಗೆ ಕಂಡಿತೆಂದು ಕೊಬ್ಬರಿ ಎಣ್ಣೆ ಸವರಿದೆ, ತಪ್ಪಾಯಿತೇ? ಮೇಷ್ಟ್ರು 15 ಸಾವಿರದ ಹೊಸ ಗಿಟಾರ್ ತಗೊಳ್ಳಿ ಅನ್ನುತ್ತಾರೆ. ಮನೆಯವರು ಈ ವಯಸ್ಸಿಗೆ ಬೆರಳು ಬಗ್ಗಲ್ಲ ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರ ಮಾತನ್ನೂ ಒಂದು ವಾರ ಪಕ್ಕಕ್ಕಿಡಿ. ನಿಮ್ಮ ಪತ್ರದಲ್ಲೇ ಮುಕ್ಕಾಲು ಉತ್ತರ ಇದೆ.

ಮಳೆಗಾಲದಲ್ಲಿ ತಂತಿ ಎತ್ತರ, ಈಗ ಜರ್. ಅಂದರೆ ಈಗ ತಂತಿ ಕೆಳಗೆ ಇಳಿದಿದೆ. ಇಳಿದ ಮೇಲೆ ಒತ್ತುವುದು ಸುಲಭ ಆಗಬೇಕಿತ್ತು, ಅಲ್ವಾ? ಆದರೂ ಎಫ್ ಬರುತ್ತಿಲ್ಲ. ಬೆರಳು ಇಡುವ ಹಲಗೆಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳಿಗೆ ಫ್ರೆಟ್ ಅನ್ನುತ್ತಾರೆ, ಅವುಗಳ ನಡುವಿನ ಜಾಗಕ್ಕೆ ಮನೆ. ಎಫ್ ಹಿಡಿಯುವುದು ಮೊದಲನೇ ಫ್ರೆಟ್‌ನಲ್ಲಿ. ಅಲ್ಲಿ ತಂತಿ ಎಷ್ಟು ಎತ್ತರದಲ್ಲಿ ಇರಬೇಕು ಅನ್ನುವುದನ್ನು ತೀರ್ಮಾನಿಸುವುದು ಗಿಟಾರಿನ ಹೊಟ್ಟೆಯಲ್ಲ, ತಲೆಯ ಬುಡದಲ್ಲಿ ಆರು ಗೀರು ಇರುವ ಆ ಬಿಳಿ ಪಟ್ಟಿ. ಅದಕ್ಕೆ ನಟ್ ಅನ್ನುತ್ತಾರೆ. ಮಳೆ ಬರಲಿ, ಬಿಸಿಲು ಕಾಯಲಿ, ಅದು ಇದ್ದ ಹಾಗೇ ಇರುತ್ತದೆ. ನನ್ನ ಅನುಮಾನ ಪೂರ್ತಿ ಅದರ ಮೇಲೆ.

ಗಿಟಾರ್ ರಿಪೇರಿ ಮಾಡುತ್ತಾ ನನಗೆ ಇಪ್ಪತ್ತು ವರ್ಷ ದಾಟಿತು. 'ನನ್ನ ಕೈಗೆ ಇದು ಬರಲ್ಲ ಸಾರ್, ಯಾರಿಗಾದರೂ ಕೊಟ್ಟುಬಿಡ್ತೀನಿ' ಎಂದು ತಂದವರ ಗಿಟಾರ್‌ಗಳಲ್ಲಿ ಮತ್ತೆ ಮತ್ತೆ ಕಂಡದ್ದು ಈ ಒಂದೇ ದೋಷ. ಕಡಿಮೆ ಬೆಲೆಯ ಗಿಟಾರ್ ಕಾರ್ಖಾನೆಯಿಂದ ಬರುವಾಗಲೇ ನಟ್ ಎತ್ತರ ಇರುತ್ತದೆ. ಕಾರಣ ಸರಳ. ಆ ಗೀರನ್ನು ಒಂದು ಕೂದಲೆಳೆಯಷ್ಟು ಜಾಸ್ತಿ ಉಜ್ಜಿದರೂ ಖಾಲಿ ತಂತಿ ಜರ್ ಅನ್ನುತ್ತದೆ, ಆಗ ನಟ್ ಕಿತ್ತು ಬೇರೆ ಹಾಕಬೇಕು. ಎತ್ತರ ಬಿಟ್ಟರೆ ಯಾರೂ ವಾಪಸ್ ತರುವುದಿಲ್ಲ. ಕಲಿಯುವವರು ತಮ್ಮ ಬೆರಳನ್ನೇ ಬೈದುಕೊಳ್ಳುತ್ತಾರೆ.

ಇದನ್ನು ನೀವೇ ಪರೀಕ್ಷೆ ಮಾಡಬಹುದು, ಒಂದು ಕ್ಯಾಪೋ ಸಾಕು. ಕತ್ತಿಗೆ ಹಾಕಿ ಆರೂ ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ ಅದು. ಇಲ್ಲದಿದ್ದರೆ ಮೇಷ್ಟ್ರ ಹತ್ತಿರ ಐದು ನಿಮಿಷಕ್ಕೆ ಕೇಳಿ. ಕ್ಯಾಪೋವನ್ನು ಮೊದಲನೇ ಫ್ರೆಟ್‌ಗೆ ಹಾಕಿ. ಈಗ ಎಫ್ ಆಕಾರವನ್ನು ಒಂದು ಮನೆ ಮುಂದೆ, ಎರಡನೇ ಫ್ರೆಟ್‌ನಲ್ಲಿ ಹಿಡಿಯಿರಿ. 'ಅಯ್ಯೋ, ಇಷ್ಟೇನಾ' ಅನ್ನಿಸಿದರೆ ತಪ್ಪು ನಿಮ್ಮದಲ್ಲ, ನಟ್‌ನದು. ಕ್ಯಾಪೋ ಹಾಕಿದ ಕೂಡಲೇ ನಟ್‌ನ ಎತ್ತರ ಲೆಕ್ಕದಿಂದ ಹೊರಗೆ ಹೋಗುತ್ತದೆ, ತಂತಿ ಫ್ರೆಟ್ ಮೇಲೇ ಕೂರುತ್ತದೆ. ಮುಂದೆ ಹೋದಷ್ಟೂ ಮನೆಗಳು ಕಿರಿದಾಗುತ್ತವಲ್ಲ, ಅದಕ್ಕೇ ಸುಲಭ ಆಗಿರಬೇಕು ಅಂತ ನೀವು ಕೇಳಬಹುದು. 650 ಮಿ.ಮೀ. ಸ್ಕೇಲಿನ (ಅಂದರೆ ಮೀಟುವ ತಂತಿಯ ಉದ್ದದ) ಗಿಟಾರಿನಲ್ಲಿ ಮೊದಲನೇ ಮನೆ ಸುಮಾರು 36 ಮಿ.ಮೀ., ಎರಡನೆಯದು 34. ಎರಡು ಮಿಲಿಮೀಟರ್‌ಗೆ ಯಾರ ಬೆರಳೂ ಅಷ್ಟೊಂದು ಹಗುರ ಆಗುವುದಿಲ್ಲ. ಕ್ಯಾಪೋ ಹಾಕಿದರೂ ಅಷ್ಟೇ ಕಷ್ಟ ಅಂತಾದರೆ ಮಾತ್ರ ದೋಷ ಬೇರೆ ಕಡೆ ಹುಡುಕಬೇಕು.

ಇನ್ನೊಂದು ಪರೀಕ್ಷೆಗೆ ಕ್ಯಾಪೋನೂ ಬೇಡ. ಒಂದು ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ ಒತ್ತಿ ಹಿಡಿಯಿರಿ. ಕಿಟಕಿಯ ಬೆಳಕಿಗೆ ತಿರುಗಿಸಿ, ಮೊದಲನೇ ಫ್ರೆಟ್‌ಗೂ ತಂತಿಗೂ ನಡುವೆ ನೋಡಿ. ಕೂದಲಿನಷ್ಟು ಬೆಳಕು ಕಾಣಬೇಕು. ಇನ್ನೊಂದು ಬೆರಳಿಂದ ತಂತಿಯನ್ನು ಅಲ್ಲಿ ತಟ್ಟಿದರೆ 'ಟಿಕ್' ಅಂತ ಸಣ್ಣ ಸದ್ದು ಬರಬೇಕು. ಬೆಳಕು ಧಾರಾಳವಾಗಿ ಕಂಡರೆ ಆ ಗೀರು ಇನ್ನೂ ಆಳ ಆಗಬೇಕು. ಆರೂ ತಂತಿಗಳಿಗೆ ಇದನ್ನೇ ಮಾಡಿ. ಎರಡು ತಂತಿ ಸರಿ ಇದ್ದು ನಾಲ್ಕು ಎತ್ತರ ಇರುವುದು ತುಂಬಾ ಸಾಮಾನ್ಯ.

ಈಗ ಹೊಟ್ಟೆಯ ಕಡೆ ಬರೋಣ. ತಂತಿಯ ಎತ್ತರಕ್ಕೆ ಆಕ್ಷನ್ ಅನ್ನುತ್ತೇವೆ. ಅಳೆಯುವುದು 12ನೇ ಫ್ರೆಟ್‌ನಲ್ಲಿ, ಫ್ರೆಟ್‌ನ ತಲೆಯಿಂದ ತಂತಿಯ ತಳದವರೆಗೆ. ಇದಕ್ಕೆ ಸ್ಟೀಲ್ ಸ್ಕೇಲ್ ಹುಡುಕಿಕೊಂಡು ಹೋಗಬೇಡಿ. ಅವಧಿ ಮುಗಿದ ಎಟಿಎಂ ಕಾರ್ಡ್‌ಗಳು ಮನೆಯಲ್ಲಿ ಇದ್ದೇ ಇರುತ್ತವೆ. ಬ್ಯಾಂಕ್ ಯಾವುದೇ ಆಗಿರಲಿ, ಕಾರ್ಡಿನ ದಪ್ಪ 0.76 ಮಿ.ಮೀ. ಅದು ಅಂತರರಾಷ್ಟ್ರೀಯ ಅಳತೆ. ಅಂಕಿಗಳು ಉಬ್ಬಿರದ ಕಾರ್ಡ್ ಆರಿಸಿಕೊಳ್ಳಿ. ಮೂರು ಜೋಡಿಸಿದರೆ 2.3 ಮಿ.ಮೀ. ಆಯಿತು. ಅದನ್ನು 12ನೇ ಫ್ರೆಟ್ ಮೇಲಿಟ್ಟು ಆರನೇ ತಂತಿಯ, ಅಂದರೆ ಎಲ್ಲಕ್ಕಿಂತ ದಪ್ಪದ್ದರ, ಕೆಳಗೆ ಮೆಲ್ಲಗೆ ತೂರಿಸಿ. ತಂತಿಗೆ ತಾಗಿಯೂ ತಾಗದ ಹಾಗೆ ಕೂತರೆ ನಿಮ್ಮ ಗಿಟಾರಿಗೆ ಅದು ಒಳ್ಳೆಯ ಎತ್ತರ. ನಾಲ್ಕು ಕಾರ್ಡ್ ಸಲೀಸಾಗಿ ಹೋದರೆ ಮೂರು ಮಿಲಿಮೀಟರ್‌ಗೂ ಜಾಸ್ತಿ, ಅದು ಎತ್ತರವೇ. ತೆಳು ತಂತಿಗೆ, ಅಂದರೆ ಒಂದನೆಯದಕ್ಕೆ, ಎರಡು ಕಾರ್ಡ್ ಹಿಡಿದರೆ ಸರಿ, ಮೂರು ಸಡಿಲವಾಗಿ ಹೋದರೆ ಎತ್ತರ.

ನಿಮ್ಮ ಗಿಟಾರಿನಲ್ಲಿ ಈಗ ಅಳೆದರೆ ಅಳತೆ ಸರಿಯಾಗೇ ಬರಬಹುದು, ಕಡಿಮೆಯೂ ಬರಬಹುದು. ಅದು ನಮ್ಮ ಊರಿನ ಹವೆಯ ಆಟ. ಬೆಂಗಳೂರಿಗೆ ತಂಪು ಊರು ಅಂತ ಹೆಸರಿದೆ ನಿಜ. ಆದರೆ ಫೆಬ್ರವರಿ, ಮಾರ್ಚ್‌ನ ಮಧ್ಯಾಹ್ನ ಗಾಳಿಯ ತೇವಾಂಶ ಶೇಕಡಾ 30ರ ಆಸುಪಾಸಿಗೆ ಇಳಿಯುವುದು ಅಪರೂಪವಲ್ಲ. ತುಟಿ ಒಡೆಯುತ್ತದಲ್ಲ, ಅದೇ ದಿನಗಳು. ಜುಲೈ, ಆಗಸ್ಟ್‌ನಲ್ಲಿ ಬೆಳಗಿನ ಹೊತ್ತು 80 ದಾಟುತ್ತದೆ. ಗಿಟಾರಿನ ಮರಕ್ಕೆ 45ರಿಂದ 55 ಇದ್ದರೆ ನೆಮ್ಮದಿ. ತೇವ ಕುಡಿದ ಮರ ಹಿಗ್ಗುತ್ತದೆ, ಮುಂದಿನ ಹಲಗೆ ಉಬ್ಬುತ್ತದೆ, ಅದರ ಮೇಲೆ ಅಂಟಿಸಿ ತಂತಿಗಳ ತುದಿ ಸಿಕ್ಕಿಸಿರುವ ಬ್ರಿಡ್ಜ್ ಎಂಬ ಮರದ ತುಂಡು ಮೇಲೇಳುತ್ತದೆ, ತಂತಿಯೂ ಮೇಲೇರುತ್ತದೆ. ಒಣಗಿದಾಗ ಇದೆಲ್ಲ ತಿರುಗುಮುರುಗು. ಜೊತೆಗೆ ಬೆರಳು ಹಲಗೆ ಕುಗ್ಗಿ ಫ್ರೆಟ್‌ನ ತುದಿಗಳು ಅಂಚಿನಲ್ಲಿ ಚೂಪಾಗಿ ಹೊರಗೆ ಇಣುಕುತ್ತವೆ. ಕೈ ಸರಿಸುವಾಗ ಕೆರೆದ ಹಾಗಾಗುತ್ತಿದೆಯೇ ನೋಡಿ. ಆಗುತ್ತಿದ್ದರೆ ಅದಕ್ಕೆ ಕಾರಣ ಇದು.

ಹಾಗಾಗಿ ಒಂದು ಮುಖ್ಯ ಮಾತು. ಈಗ ಯಾರ ಹತ್ತಿರ ತಗೊಂಡು ಹೋದರೂ ನಟ್ ಮಾತ್ರ ಸರಿ ಮಾಡಿಸಿ, ಸ್ಯಾಡಲ್ ಉಜ್ಜಿಸಬೇಡಿ. ಸ್ಯಾಡಲ್ ಅಂದರೆ ಬ್ರಿಡ್ಜ್ ಮೇಲೆ ಕೂತಿರುವ ಬಿಳಿ ಪಟ್ಟಿ, ವೀಣೆಯವರು ಕುದುರೆ ಅನ್ನುವುದರ ತಲೆ ಅಂದುಕೊಳ್ಳಿ. 12ನೇ ಫ್ರೆಟ್‌ನಲ್ಲಿ ಅರ್ಧ ಮಿಲಿಮೀಟರ್ ಇಳಿಯಬೇಕಾದರೆ ಸ್ಯಾಡಲ್‌ನಲ್ಲಿ ಒಂದು ಮಿಲಿಮೀಟರ್ ಉಜ್ಜಬೇಕು. ಉಜ್ಜಿದ್ದು ವಾಪಸ್ ಬರುವುದಿಲ್ಲ. ಈಗಲೇ ಜರ್ ಅನ್ನುವ ಗಿಟಾರಿನ ಸ್ಯಾಡಲ್ ಇಳಿಸಿದರೆ ಅದು ಜೀರುಂಡೆ ಆಗುತ್ತದೆ. ಜುಲೈನಲ್ಲಿ ಮತ್ತೆ ಎಟಿಎಂ ಕಾರ್ಡ್ ಇಟ್ಟು ನೋಡಿ. ಆಗ ನಾಲ್ಕು ಕಾರ್ಡ್ ಹೋದರೆ ಇನ್ನೊಂದು ಸ್ಯಾಡಲ್ ಮಾಡಿಸಿಕೊಳ್ಳಿ, ಸ್ವಲ್ಪ ಗಿಡ್ಡದು. ಬೇಸಿಗೆಗೊಂದು, ಮಳೆಗಾಲಕ್ಕೊಂದು. ತಂತಿ ಬದಲಿಸುವಾಗ ಸ್ಯಾಡಲ್‌ನೂ ಬದಲಿಸಿದರಾಯಿತು. ಬಹಳಷ್ಟು ಗಿಟಾರ್‌ಗಳಲ್ಲಿ ಅದನ್ನು ಅಂಟಿಸಿರುವುದಿಲ್ಲ, ಎಳೆದರೆ ಬರುತ್ತದೆ. ಸ್ವೆಟರ್ ತೆಗೆದಿಟ್ಟ ಹಾಗೆ ಪೆಟ್ಟಿಗೆಯಲ್ಲಿ ಎತ್ತಿಡಬಹುದು.

ಕತ್ತನ್ನೂ ಒಮ್ಮೆ ನೋಡಿ. ಆರನೇ ತಂತಿಯನ್ನು ಎಡಗೈಯಿಂದ ಒಂದನೇ ಫ್ರೆಟ್‌ನಲ್ಲಿ, ಬಲಗೈಯಿಂದ ಕತ್ತು ದೇಹಕ್ಕೆ ಸೇರುವ ಕಡೆ, ಸಾಮಾನ್ಯವಾಗಿ 14ನೇ ಫ್ರೆಟ್‌ನಲ್ಲಿ, ಒತ್ತಿ ಹಿಡಿಯಿರಿ. ತಂತಿಯೇ ಈಗ ನಿಮ್ಮ ರೂಲರ್. ಏಳನೇ ಫ್ರೆಟ್ ಮೇಲೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಜಾಗ ಇದ್ದರೆ ಕತ್ತಿನ ಬಾಗು ಹದವಾಗಿದೆ. ಇದಕ್ಕೆ ಮನೆಯಲ್ಲಿ ಇನ್ನೊಬ್ಬರು ಬೇಕು, ಕೈ ಮೂರಿಲ್ಲವಲ್ಲ. ಬೆರಳು ಬಗ್ಗಲ್ಲ ಅಂದವರನ್ನೇ ಕರೆಯಿರಿ. ತಂತಿ ಫ್ರೆಟ್‌ಗೆ ಅಂಟಿಕೊಂಡಿದ್ದರೆ ಕತ್ತು ಜಾಸ್ತಿ ನೆಟ್ಟಗಾಗಿದೆ, ಜರ್ ಅನ್ನುವುದಕ್ಕೆ ಅದೂ ಕಾರಣ ಇರಬಹುದು. ಕತ್ತಿನ ಒಳಗಿರುವ ಟ್ರಸ್ ರಾಡ್ ಎಂಬ ಕಬ್ಬಿಣದ ಸರಳನ್ನು ಅಲೆನ್ ಕೀಯಿಂದ ಸ್ವಲ್ಪ ಸಡಿಲಿಸಿದರೆ ಅದು ಸರಿಹೋಗುತ್ತದೆ. ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಜಾಸ್ತಿ ಬೇಡ. ಮೊದಲ ಸಲ ಗೊತ್ತಿರುವವರ ಕೈಲೇ ಮಾಡಿಸಿ. ವಿಡಿಯೋ ನೋಡಿಕೊಂಡು ತಿರುಗಿಸಿ ರಾಡ್ ಮುರಿದವರ ಗಿಟಾರ್ ಒಂದು ಈಗಲೂ ನನ್ನ ಮೂಲೆಯಲ್ಲಿ ಇದೆ.

ನಾಲ್ಕು ವರ್ಷ ಅಟ್ಟದಲ್ಲಿ ಇತ್ತು ಅಂದಿರಿ. ಅದೊಂದೇ ನನಗೆ ಭಯ. ತಾರಸಿಯ ಕೆಳಗಿನ ಅಟ್ಟ ಏಪ್ರಿಲ್‌ನಲ್ಲಿ ಒಲೆಯ ಹಾಗೆ ಕಾಯುತ್ತದೆ. ತಂತಿ ಬಿಗಿಯಾಗೇ ಇತ್ತು ಅಂತಾದರೆ ಆರು ತಂತಿ ಸೇರಿ ಎಪ್ಪತ್ತು ಕಿಲೋ ಆಸುಪಾಸು ಎಳೆತ. ಅಷ್ಟನ್ನೂ ಬ್ರಿಡ್ಜ್ ಕೆಳಗಿನ ಅಂಟು ತಡೆದುಕೊಂಡಿರಬೇಕು. ಒಂದು ತೆಳು ಕಾಗದ ತಗೊಂಡು ಬ್ರಿಡ್ಜ್‌ನ ಹಿಂದಿನ ಅಂಚಿಗೆ ತೂರಿಸಿ ನೋಡಿ. ಒಳಗೆ ಹೋಗದಿದ್ದರೆ ದೇವರ ದಯೆ. ಅರ್ಧ ಸೆಂಟಿಮೀಟರ್ ಒಳಗೆ ಹೋದರೆ ಅಂಟು ಬಿಡುತ್ತಿದೆ. ಆಗ ಮೊದಲು ತಂತಿಗಳನ್ನು ಸಡಿಲಿಸಿ, ನಟ್ ಕೆಲಸ ಆಮೇಲೆ. ಬ್ರಿಡ್ಜ್ ಕಿತ್ತು ಮತ್ತೆ ಅಂಟಿಸುವ ಕೆಲಸಕ್ಕೆ ಹೋಗುವ ಖರ್ಚು ನಿಮ್ಮ ಗಿಟಾರಿನ ಬೆಲೆಗೆ ಹತ್ತಿರ ಬರಬಹುದು. ಹಾಗಾಗಿದ್ದರೆ ಮಾತ್ರ ನಿಮ್ಮ ಮೇಷ್ಟ್ರ ಮಾತೇ ಸರಿ.

ತಂತಿ ವಿಚಾರ. ಅದೇ ಹಳೇ ತಂತಿಯಲ್ಲಿ ಕಲಿಯುತ್ತಿದ್ದೀರಾ? ಪತ್ರದಲ್ಲಿ ಬರೆದಿಲ್ಲ, ಆದರೆ ನನಗೆ ಹಾಗೇ ಅನ್ನಿಸುತ್ತಿದೆ. ತಂತಿ ಮೇಲೆ ಬೆರಳು ಎಳೆದಾಗ ತುದಿ ಕಪ್ಪಾದರೆ ತುಕ್ಕು ಅಂತ ಅರ್ಥ. ತುಕ್ಕು ತಂತಿ ಮರಳು ಕಾಗದದ ಹಾಗೆ ಕೆರೆಯುತ್ತದೆ. ಬೆರಳು ಉರಿಯದೆ ಇನ್ನೇನು? ಹೊಸ ಸೆಟ್ ತರುವಾಗ 11 ಗೇಜ್ ಕೇಳಿ. ಅಂಗಡಿಯವರು ಸಾಮಾನ್ಯವಾಗಿ 12 ಕೊಡುತ್ತಾರೆ. ಈ ಅಂಕಿ ಒಂದನೇ ತಂತಿಯ ದಪ್ಪ, ಇಂಚಿನ ಸಾವಿರದಲ್ಲಿ ಒಂದರ ಲೆಕ್ಕದಲ್ಲಿ. ಒಂದು ಅಂಕಿ ಇಳಿದರೆ ಏನು ಮಹಾ ಅನ್ನಿಸಬಹುದು. ಕೈಗೆ ಗೊತ್ತಾಗುತ್ತದೆ. ಡಾಡಾರಿಯೋ ಎಂಬ ತಂತಿ ಕಂಪನಿಯಲ್ಲಿ ಇಜೆ26 ಎಂಬ ಸೆಟ್ ತೆಳು ತಂತಿಯಿಂದ ದಪ್ಪ ತಂತಿಗೆ 11ರಿಂದ 52, ಇಜೆ15 ಅನ್ನುವುದು 10ರಿಂದ 47. ದನಿ ಸ್ವಲ್ಪ ತೆಳುವಾದರೂ ಪರವಾಗಿಲ್ಲ ಅನ್ನುವವರಿಗೆ 10. ನೀವು 11ರಲ್ಲಿ ಶುರು ಮಾಡಿ. ಆ ಕಂಪನಿಯ ನಕಲಿ ಸೆಟ್‌ಗಳೂ ಮಾರುಕಟ್ಟೆಯಲ್ಲಿ ಓಡಾಡುತ್ತವೆ. ಅಸಲಿ ಪ್ಯಾಕೆಟ್ ಒಳಗೆ ಒಂದು ಕೋಡ್ ಇರುತ್ತದೆ, ಕಂಪನಿಯ ತಾಣದಲ್ಲಿ ಹಾಕಿ ನೋಡಬಹುದು. ಅರ್ಧ ಬೆಲೆಗೆ ಸಿಕ್ಕಿದರೆ ಖುಷಿಪಡಬೇಡಿ.

ಒಂದು ಎಚ್ಚರಿಕೆ. ಮಗನ ಗಿಟಾರಿನಲ್ಲಿ ಈಗ ಒಂದು, ಎರಡು, ಮೂರನೇ ತಂತಿಗಳು ಪ್ಲಾಸ್ಟಿಕ್ ದಾರದ ಹಾಗೆ ಇದ್ದರೆ ಅದು ನೈಲಾನ್ ಗಿಟಾರ್. ಅದಕ್ಕೆ ಉಕ್ಕಿನ ತಂತಿ ಹಾಕಲೇಬೇಡಿ. ನಾನು ಪಿಯುಸಿ ಓದುವಾಗ ಅಜ್ಜಿ ಕೊಟ್ಟ ದುಡ್ಡಲ್ಲಿ ನೈಲಾನ್ ಗಿಟಾರ್ ತಗೊಂಡಿದ್ದೆ. 'ಸ್ಟೀಲ್ ಹಾಕಿಕೊಳ್ಳಪ್ಪಾ, ಸೌಂಡ್ ಜಾಸ್ತಿ ಬರುತ್ತೆ' ಎಂದು ಅಂಗಡಿಯವರೇ ಹಾಕಿಕೊಟ್ಟರು. ಸೌಂಡ್ ಜಾಸ್ತಿ ಬಂತು, ನಿಜ. ಎರಡನೇ ತಿಂಗಳು ರಾತ್ರಿ ಹನ್ನೊಂದಕ್ಕೆ ಪಟಾಕಿ ಸಿಡಿದ ಹಾಗೆ ಸದ್ದಾಯಿತು. ದೀಪ ಹಾಕಿ ನೋಡಿದರೆ ಬ್ರಿಡ್ಜ್ ಮುಂದಿನ ಹಲಗೆಯ ಒಂದು ಪದರವನ್ನೂ ಕಿತ್ತುಕೊಂಡು ತಂತಿಯಲ್ಲಿ ನೇತಾಡುತ್ತಿತ್ತು. ಅದನ್ನು ಅಂಟಿಸಲು ಹೋಗಿಯೇ ನಾನು ಈ ಕೆಲಸ ಕಲಿತದ್ದು. ಅಂಗಡಿಯವರ ಮೇಲೆ ಸಿಟ್ಟು ಮಾತ್ರ ಇವತ್ತಿಗೂ ಇಳಿದಿಲ್ಲ.

ಕೊಬ್ಬರಿ ಎಣ್ಣೆಗೆ ಬರುತ್ತೇನೆ. ದೊಡ್ಡ ಅಪರಾಧ ಏನಲ್ಲ, ಆದರೆ ಮತ್ತೆ ಹಚ್ಚಬೇಡಿ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಡಿಸೆಂಬರ್ ಬೆಳಗ್ಗೆ ಬಾಟಲಿಯನ್ನು ಬಿಸಿನೀರಲ್ಲಿ ಇಡುತ್ತೇವಲ್ಲ, ಹಾಗೆ. ಫ್ರೆಟ್‌ಗಳ ಪಕ್ಕದಲ್ಲಿ ಅದು ಕೂತು ಧೂಳನ್ನು ಅಂಟಿಸಿಕೊಳ್ಳುತ್ತದೆ. ತಂತಿ ಬಿಚ್ಚಿದಾಗ ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ, ಫ್ರೆಟ್ ಪಕ್ಕದ ಜಿಡ್ಡನ್ನು ಹಳೇ ಟೂತ್‌ಬ್ರಶ್‌ನಲ್ಲಿ ಉಜ್ಜಿ. ಗಿಟಾರ್ ಅಂಗಡಿಗಳಲ್ಲಿ ಬೆರಳು ಹಲಗೆಗೆಂದೇ ಎಣ್ಣೆ ಸಿಗುತ್ತದೆ. ವರ್ಷಕ್ಕೆ ಎರಡು ಸಲ, ನಾಲ್ಕು ಹನಿ, ಐದು ನಿಮಿಷ ಬಿಟ್ಟು ಪೂರ್ತಿ ಒರೆಸಿ. ಹಲಗೆ ತಿಳಿ ಬಣ್ಣದ್ದಾಗಿ ಮೇಲೆ ವಾರ್ನಿಶ್ ಹೊಳಪು ಇದ್ದರೆ ಅದೂ ಬೇಡ.

ಆ ಹಲಗೆ ಕಂದು ಬಣ್ಣದ್ದಾಗಿ ನೇರಳೆ ಛಾಯೆ ಇದ್ದರೆ ಅದು ನಮ್ಮ ಬೀಟೆ ಮರವೇ ಇರಬಹುದು. ಮಲೆನಾಡಿನ ಹಳೇ ಮನೆಗಳ ಬಾಗಿಲು, ಮಂಚದಲ್ಲಿ ನೋಡಿರುತ್ತೀರಿ. ಗಿಟಾರ್ ಲೋಕದಲ್ಲಿ ಅದಕ್ಕೆ ಇಂಡಿಯನ್ ರೋಸ್‌ವುಡ್ ಎಂದು ಹೆಸರು. ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಬ್ರೆಜಿಲ್‌ನ ರೋಸ್‌ವುಡ್ ಬಿಟ್ಟು ಈ ಮರಕ್ಕೆ ಬಂದದ್ದು. ಕಾಡುಮರದ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದ 2017ರ ಜನವರಿ 2ರಿಂದ ಈ ಜಾತಿಯ ಮರಗಳನ್ನೆಲ್ಲ ತನ್ನ ಪಟ್ಟಿಗೆ ಸೇರಿಸಿತು. ಗಿಟಾರ್ ಮಾರಲಿಕ್ಕೆ ಗಡಿ ದಾಟಿಸಬೇಕಾದರೂ ಕಾಗದಪತ್ರ ಬೇಕಾಯಿತು. ಫೆಂಡರ್‌ನಂಥ ಕಂಪನಿ ಮೆಕ್ಸಿಕೋದಲ್ಲಿ ಮಾಡುವ ಹಲವು ಗಿಟಾರ್‌ಗಳಿಗೆ ಪಾವ್ ಫೆರೋ ಎಂಬ ಬೇರೆ ಮರ ಹಾಕಲು ಶುರು ಮಾಡಿತು. 2019ರ ನವೆಂಬರ್ 26ರಿಂದ ಸಿದ್ಧವಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಅಂಗಡಿಯಲ್ಲಿ ಒಂದೇ ಮಾಡೆಲ್‌ನ ಹಳೆಯದರಲ್ಲಿ ಬೀಟೆ, ಹೊಸದರಲ್ಲಿ ಬೇರೇನೋ ಕಂಡರೆ ಮೋಸ ಅಂದುಕೊಳ್ಳಬೇಡಿ, ಹಿಂದೆ ಈ ಕಥೆ ಇದೆ.

ಎಲ್ಲಿ ಮಾಡಿಸುವುದು? ಒಬ್ಬರ ಹೆಸರು ಹೇಳಿದರೆ ಇನ್ನೊಬ್ಬರು ಬೇಸರ ಮಾಡಿಕೊಳ್ಳುತ್ತಾರೆ, ಅದಕ್ಕೆ ಆರಿಸುವುದು ಹೇಗೆ ಅಂತ ಹೇಳುತ್ತೇನೆ. ಬಳೆಪೇಟೆಗೆ ಹೋಗೋಣ ಅನ್ನಿಸಬಹುದು. ಅಲ್ಲಿ ಹಾರ್ಮೋನಿಯಂ, ತಬಲಾ, ವೀಣೆಯ ಕೆಲಸ ಬಲ್ಲವರು ಇದ್ದಾರೆ. ವೀಣೆಯ 24 ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಿ ಕಿವಿಯಲ್ಲೇ ಶ್ರುತಿ ನೋಡಿ ಸರಿಸುವವರನ್ನು ನೋಡುತ್ತಾ ಅರ್ಧ ದಿನ ಕಳೆಯಬಹುದು. ಆದರೆ ಗಿಟಾರಿನ ಫ್ರೆಟ್ ಮರದ ಗೀರಿಗೆ ಬಡಿದು ಕೂರಿಸಿದ್ದು, ಅದರ ನಟ್‌ಗೆ ಒಂದೊಂದು ತಂತಿಗೆ ಒಂದೊಂದು ದಪ್ಪದ ಅರ ಬೇಕು. ಹಾಗಾಗಿ ಎಲ್ಲಿ ಹೋದರೂ ಒಂದೇ ಪ್ರಶ್ನೆ ಕೇಳಿ: 'ನಟ್ ಫೈಲ್ ಸೆಟ್ ಇದೆಯಾ?' ಇದೆ ಎಂದು ತೆಗೆದು ತೋರಿಸಿದರೆ ಕೂತುಕೊಳ್ಳಿ. ಗರಗಸದ ಬ್ಲೇಡ್‌ನಲ್ಲೇ ಎಲ್ಲ ಮಾಡುತ್ತೇವೆ ಅಂದರೆ ನಮಸ್ಕಾರ ಹೇಳಿ ಬನ್ನಿ. ಕೆಲಸಕ್ಕೆ ಮೊದಲು ಎತ್ತರ ಎಷ್ಟಿತ್ತು, ಆದ ಮೇಲೆ ಎಷ್ಟಾಯಿತು ಎಂದು ಬರೆದುಕೊಡುವವರು ಸಿಕ್ಕಿದರೆ ಬಿಡಬೇಡಿ. ದರ ಮೊದಲೇ ಕೇಳಿ. ಹೊಸ ಗಿಟಾರಿಗೆ ಹೇಳಿದ 15 ಸಾವಿರದಲ್ಲಿ ಹತ್ತರಲ್ಲಿ ಒಂದು ಪಾಲು ಇದಕ್ಕೆ ಹೋದರೆ ನನಗೆ ಅದು ನ್ಯಾಯವಾದ ಖರ್ಚು. ಕಾಲು ಪಾಲು ಕೇಳಿದರೆ ಇನ್ನೊಂದು ಕಡೆ ವಿಚಾರಿಸಿ. ಹೊಸ ತಂತಿ ಹಾಕಿಸಿಕೊಂಡೇ ಸೆಟಪ್, ಅಂದರೆ ಈ ಹೊಂದಿಸುವ ಕೆಲಸ, ಮಾಡಿಸಿ. ಹಳೇ ತಂತಿಗೆ ಮಾಡಿದ ಅಳತೆ ಹೊಸ ಗೇಜಿಗೆ ಕೂರುವುದಿಲ್ಲ.

ಇಷ್ಟೆಲ್ಲ ಆಗಲು ಎರಡು ವಾರ ಹಿಡಿಯುತ್ತದೆ ಅಂದುಕೊಳ್ಳಿ. ಅಲ್ಲಿವರೆಗೆ ಎಫ್ ಕಡೆ ನೋಡಲೇಬೇಡಿ. ಭಾವಗೀತೆಗೆ ಎಫ್ ಬೇಕೇ ಬೇಕು ಅಂತ ಯಾರು ಹೇಳಿದರು? ನಿಮಗೆ ಮೋಹನದಲ್ಲಿ ಕೂರಿಸಿದ ಹಾಡುಗಳು ಎಷ್ಟೋ ಬರುತ್ತಿರಬೇಕು. ಸ ರಿ ಗ ಪ ದ, ಐದೇ ಸ್ವರ. ಜಿ ಸ್ವರವನ್ನೇ ಸ ಎಂದು ಇಟ್ಟುಕೊಂಡರೆ ಜಿ ಕಾರ್ಡ್‌ನಲ್ಲಿ ಸ ಗ ಪ ಇದೆ, ಇ ಮೈನರ್‌ನಲ್ಲಿ ದ ಸ ಗ ಇದೆ. ಎರಡೂ ರಾಗದ ಆಚೆ ಒಂದು ಸ್ವರಕ್ಕೂ ಕಾಲಿಡುವುದಿಲ್ಲ. ಜಿಯಿಂದ ಇ ಮೈನರ್‌ಗೆ ಹೋಗುವಾಗ ಐದನೇ ತಂತಿಯ ಎರಡನೇ ಫ್ರೆಟ್ ಮೇಲಿರುವ ಬೆರಳನ್ನು ಎತ್ತಬೇಡಿ, ಎರಡಕ್ಕೂ ಅದು ಬೇಕು. ಉಳಿದ ಬೆರಳು ಅದರ ಸುತ್ತ ಓಡಾಡಲಿ. ಇದೊಂದನ್ನು ಕಲಿತರೆ ಕಾರ್ಡ್ ಬದಲಿಸುವಾಗ ಹಾಡು ನಿಂತು ನಿಂತು ಹೋಗುವುದು ತಪ್ಪುತ್ತದೆ.

ಶ್ರುತಿ? ಹಾರ್ಮೋನಿಯಂ ಲೆಕ್ಕದಲ್ಲಿ ನೀವು ಬಿಳಿ ಐದಕ್ಕೆ ಹಾಡುವವರಾದರೆ ಜಿ ಕಾರ್ಡೇ ನಿಮ್ಮ ಷಡ್ಜ, ಕ್ಯಾಪೋ ಬೇಡ. ಕಪ್ಪು ನಾಲ್ಕಾದರೆ ಒಂದನೇ ಫ್ರೆಟ್‌ಗೆ ಕ್ಯಾಪೋ, ಬಿಳಿ ಆರಾದರೆ ಎರಡಕ್ಕೆ. ಬೆರಳಿನ ಆಕಾರ ಅದೇ. ಕಲ್ಯಾಣಿಯ ಛಾಯೆ ಇರುವ ಹಾಡಾದರೆ ಎ ಮೇಜರ್ ಸೇರಿಸಿ, ಅದರಲ್ಲಿ ರಿ, ಪ್ರತಿ ಮಧ್ಯಮ, ದ ಇವೆ. ತೋಡಿಯ ಹತ್ತಿರ ಹೋಗುವ ಹಾಡಿಗೆ ಕಾರ್ಡ್ ಹುಡುಕಿ ತಲೆ ಕೆಡಿಸಿಕೊಳ್ಳಬೇಡಿ. ಕ್ಯಾಪೋ ಇಲ್ಲದೆ ನಾಲ್ಕನೇ, ಮೂರನೇ ತಂತಿಗಳನ್ನು ಖಾಲಿಯಾಗಿ ಮೀಟಿ. ಅವು ಡಿ ಮತ್ತು ಜಿ, ಅಂದರೆ ಬಿಳಿ ಐದರ ಪ, ಸ. ತಂಬೂರಿ ಸಿಕ್ಕಿದ ಹಾಗಾಯಿತು. ಗಮಕಕ್ಕೂ ಈ ವಾದ್ಯದಲ್ಲಿ ದಾರಿಗಳಿವೆ. ಗಿಟಾರ್ ವಾದಕ ಪ್ರಸನ್ನ ಅವರು ತಂತಿ ಎಳೆದೇ ಕರ್ನಾಟಕ ಸಂಗೀತ ನುಡಿಸುತ್ತಾರೆ, ನಮ್ಮ ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಅವರು ತಂತಿಯ ಮೇಲೆ ಸರಳು ಜಾರಿಸಿ ನುಡಿಸುತ್ತಾರೆ. ಅದು ಬೇರೆಯೇ ದಾರಿ, ನಿಮಗೆ ಈಗ ಬೇಡ. ಆದರೆ ಒಮ್ಮೆ ಕೇಳಿ.

ಎಫ್ ಬೇಕೆನಿಸಿದಾಗಲೂ ಪೂರ್ತಿ ಬಾರ್, ಅಂದರೆ ಒಂದೇ ಬೆರಳಲ್ಲಿ ಆರೂ ತಂತಿ, ಹಿಡಿಯುವ ಅಗತ್ಯ ಇಲ್ಲ. ಕೆಳಗಿನ ನಾಲ್ಕು ತಂತಿಗಳಲ್ಲೇ ಹಿಡಿಯಿರಿ: ನಾಲ್ಕನೇ ತಂತಿಗೆ ಮೂರನೇ ಫ್ರೆಟ್, ಮೂರನೆಯದಕ್ಕೆ ಎರಡು, ಎರಡನೆಯದಕ್ಕೆ ಒಂದು, ಒಂದನೇ ತಂತಿ ಖಾಲಿ. ಇದು ಪೂರ್ತಿ ಎಫ್ ಅಲ್ಲ, ಎಫ್ ಮೇಜರ್ ಸೆವೆನ್. ಹಾಡಿನ ನಡುವೆ ಯಾರೂ ತಕರಾರು ಮಾಡುವುದಿಲ್ಲ.

ವಯಸ್ಸಿನ ಮಾತು. 46ಕ್ಕೆ ಬೆರಳು ಚೆನ್ನಾಗೇ ಬಗ್ಗುತ್ತದೆ. ತುದಿಯ ಚರ್ಮ ಗಟ್ಟಿಯಾಗಲು ಮೂರು ನಾಲ್ಕು ವಾರ ಬೇಕು, ದಿನವೂ ನುಡಿಸಿದರೆ. ಭಾನುವಾರ ಎರಡು ಗಂಟೆ ಕೂರುವುದಕ್ಕಿಂತ ಬೆಳಗ್ಗೆ ಹದಿನೈದು, ಸಂಜೆ ಹದಿನೈದು ನಿಮಿಷ ಮೇಲು. ಪಾತ್ರೆ ತೊಳೆದ ಕೂಡಲೇ, ಸ್ನಾನ ಆದ ಕೂಡಲೇ ಕೂರಬೇಡಿ, ನೆನೆದ ಚರ್ಮ ಬೇಗ ಹರಿಯುತ್ತದೆ. ಬೆರಳನ್ನು ಮನೆಯ ನಡುವೆ ಇಡಬೇಡಿ, ಮುಂದಿನ ಫ್ರೆಟ್‌ಗೆ ಒರಗಿಸಿದ ಹಾಗೆ ಇಡಿ, ಅರ್ಧ ಬಲ ಸಾಕಾಗುತ್ತದೆ. ತುದಿ ಉರಿದರೆ ಅದು ಕಲಿಕೆಯ ನೋವು. ಮಣಿಕಟ್ಟು ಸೆಳೆದರೆ, ಬೆರಳು ಜೋಮು ಹಿಡಿದರೆ ಮಾತ್ರ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಎಲ್ಲ ಮಾಡಿಯೂ ಹೊಸದೇ ಬೇಕು ಅನ್ನಿಸಿದರೆ ಒಂದು ಮಾತು ನೆನಪಿಡಿ: ದೊಡ್ಡ ಹೊಟ್ಟೆಯ ಡ್ರೆಡ್‌ನಾಟ್ ತಗೋಬೇಡಿ. ಸೀರೆ ಸೆರಗು, ಭುಜ, ಮೊಣಕೈ ಎಲ್ಲಕ್ಕೂ ಅದು ಅಡ್ಡ. ಯಮಾಹಾದಲ್ಲಿ ಎಫ್‌ಎಸ್ ಎಂದು ಶುರುವಾಗುವ ಮಾಡೆಲ್‌ಗಳು ಚಿಕ್ಕ ದೇಹದವು. ಎಫ್‌ಎಸ್ 800ರ ಸ್ಕೇಲ್ 634 ಮಿ.ಮೀ., ಅದರ ಅಣ್ಣ ಎಫ್‌ಜಿ 800ರದ್ದು 650. ಹದಿನಾರು ಮಿಲಿಮೀಟರ್ ಕಡಿಮೆ ಅಂದರೆ ಎಳೆತವೂ ಕಡಿಮೆ, ಬೆರಳು ಚಾಚುವುದೂ ಕಡಿಮೆ. ಈ ಎರಡಕ್ಕೂ ಮುಂದಿನ ಹಲಗೆ ಪ್ಲೈ ಅಲ್ಲ, ಒಂದೇ ಮರದ್ದು. ಹೊಟ್ಟೆಯ ದುಂಡು ತೂತಿನ (ಸೌಂಡ್‌ಹೋಲ್) ಅಂಚಿನಲ್ಲಿ ನೋಡಿದರೆ ಮೇಲಿನ ಗೆರೆಗಳು ಹಾಗೇ ಕೆಳಗೆ ಇಳಿದಿರುತ್ತವೆ, ಪ್ಲೈಯಲ್ಲಿ ಪದರ ಕಾಣುತ್ತದೆ. ದನಿ ಚೆಂದ, ಆದರೆ ಹವೆಗೆ ಮುನಿಸಿಕೊಳ್ಳುವುದೂ ಜಾಸ್ತಿ. ಅಂಗಡಿಗೆ ಹೋಗುವಾಗ ಎಟಿಎಂ ಕಾರ್ಡ್ ಮೂರು, ಕ್ಯಾಪೋ ಒಂದು ಚೀಲದಲ್ಲಿರಲಿ. ಹೊಸ ಗಿಟಾರಿನ ನಟ್‌ನೂ ಇದೇ ರೀತಿ ನೋಡಿ. ಅಲ್ಲೂ ಎತ್ತರ ಇದ್ದರೆ, 15 ಸಾವಿರ ಕೊಟ್ಟು ಇದೇ ಪತ್ರವನ್ನು ನನಗೆ ಮತ್ತೆ ಬರೆಯಬೇಕಾಗುತ್ತದೆ.

ಇನ್ನು ಇಡುವ ಜಾಗ. ಅಟ್ಟ ಬೇಡ, ಬಿಸಿಲು ಬೀಳುವ ಗೋಡೆ ಬೇಡ, ಮಳೆಗಾಲದಲ್ಲಿ ಒದ್ದೆಯಾಗುವ ಹೊರಗೋಡೆ ಬೇಡ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಂತೂ ಬೇಡವೇ ಬೇಡ. ಬೀರುವಿನ ಪಕ್ಕ, ಒಳಗಿನ ಗೋಡೆಗೆ, ಬ್ಯಾಗಿನಲ್ಲಿ. ಎಸ್.ಪಿ. ರಸ್ತೆಯಲ್ಲಿ ಸಣ್ಣ ಡಿಜಿಟಲ್ ತೇವಾಂಶ ಮಾಪಕ ಸಿಗುತ್ತದೆ, ಬೆಲೆ ಹೆಚ್ಚೇನಿಲ್ಲ. ಅದು 40ಕ್ಕಿಂತ ಕೆಳಗೆ ತೋರಿಸಿದರೆ ಸೋಪಿನ ಡಬ್ಬಿಗೆ ನಾಲ್ಕು ತೂತು ಕೊರೆದು, ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಸ್ಪಾಂಜ್ ಒಳಗಿಟ್ಟು ಬ್ಯಾಗಿನಲ್ಲಿ ಇಡಿ. ನೀರು ತೊಟ್ಟಿಕ್ಕಬಾರದು. ಜೂನ್‌ನಲ್ಲಿ ಡಬ್ಬಿ ತೆಗೆದು ಸಿಲಿಕಾ ಜೆಲ್ ಚೀಲ ಹಾಕಿ. ನಿಮ್ಮದು ಪ್ಲೈ ಗಿಟಾರ್ ಆಗಿದ್ದರೆ ಇಷ್ಟು ಉಪಚಾರವೂ ಬೇಡ, ಅಟ್ಟದಿಂದ ದೂರ ಇಟ್ಟರೆ ಸಾಕು.

ಸೆಟಪ್ ಆಗಿ ಬಂದ ದಿನ ಆರನೇ ತಂತಿಯ ಎತ್ತರ ಅಳೆದು, ತಾರೀಖಿನ ಜೊತೆ ಒಂದು ಚೀಟಿಯಲ್ಲಿ ಬರೆದು ಬ್ಯಾಗಿನ ಜೇಬಿನಲ್ಲಿಡಿ. ಜುಲೈನಲ್ಲಿ ಮತ್ತೆ ಅಳೆದು ಎರಡೂ ಅಂಕಿ ನನಗೆ ಬರೆಯಿರಿ. ಎರಡನೇ ಸ್ಯಾಡಲ್ ಎಷ್ಟು ಗಿಡ್ಡ ಇರಬೇಕು ಅಂತ ಆಗ ಹೇಳುತ್ತೇನೆ.